ಐದು ವ್ಯಾಟ್‌ನ ದನಿ: ಮಲೆಯಿಂದ ಹರಿಹರದವರೆಗೆ

ಆಷಾಢದ ಮಳೆ ಬಿಡದೆ ಹಿಡಿದ ಮೂರನೆಯ ದಿನ ಮಲೆನಾಡಿನ ಹಳ್ಳಿಗಳಲ್ಲಿ ಏನಾಗುತ್ತದೆಂಬುದನ್ನು ಅಲ್ಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಮರ ಬಿದ್ದು ವಿದ್ಯುತ್ ತಂತಿ ತುಂಡಾಗುತ್ತದೆ. ಮೊಬೈಲ್ ಗೋಪುರ ತನ್ನ ಬ್ಯಾಟರಿಯ ಬಲದಲ್ಲಿ ಕೆಲವು ಗಂಟೆ ನಡೆದು ಆಮೇಲೆ ಸುಮ್ಮನಾಗುತ್ತದೆ. ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚುತ್ತದೆ. ಅದೇ ಹೊತ್ತಿಗೆ ಆ ಮಳೆಯ ನೀರು ತುಂಗೆಗೂ ಭದ್ರೆಗೂ ಇಳಿದು, ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿಯನ್ನು ದಾಟಿ ಹರಿಹರದ ದಂಡೆಯತ್ತ ಹೊರಟಿರುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು. ಅದು ತುಂಬಿದ ಮೇಲೆ ಬಂದ ನೀರೆಲ್ಲ ಕೆಳಕ್ಕೇ ಹರಿಯಬೇಕು. ನೀರು ತನ್ನ ದಾರಿಯಲ್ಲಿ ಬಂದೇ ಬರುತ್ತದೆ. ಆದರೆ ನೀರು ಹೊರಟ ಊರಿನ ಸುದ್ದಿ ನೀರು ತಲುಪುವ ಊರಿಗೆ ಬಾರದೆ ಹೋಗುವ ದಿನಗಳೂ ಉಂಟು.

ಇಂತಹ ದಿನಗಳಿಗಾಗಿ ಇರುವ ಒಂದು ಹಳೆಯ, ಅಗ್ಗದ, ಯಾವ ಗೋಪುರದ ಹಂಗೂ ಇಲ್ಲದ ಸಾಧನವನ್ನು ಪರಿಸರ ಚಳವಳಿ ಇಂದಿಗೂ ಗಂಭೀರವಾಗಿ ಪರಿಗಣಿಸಿಲ್ಲ. ಅದು ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿ ಬಾನುಲಿ. ಅದರಲ್ಲೂ ಐದು ವ್ಯಾಟ್‌ಗೆ ಮೀರದ ಶಕ್ತಿಯಲ್ಲಿ, ಬೆನ್ನಿನ ಚೀಲದಲ್ಲಿ ಹೊತ್ತೊಯ್ದು ಬಯಲಿನಲ್ಲಿ ನಡೆಸುವ ಕಿರುಬಾನುಲಿ. ಹ್ಯಾಮ್‌ಗಳು ತಮ್ಮ ಪರಿಭಾಷೆಯಲ್ಲಿ ಇದನ್ನು ‘ಕ್ಯೂಆರ್‌ಪಿ’ ಎನ್ನುತ್ತಾರೆ. ಹಾಸಿಗೆಯ ಪಕ್ಕದಲ್ಲಿ ಉರಿಸುವ ಸಣ್ಣ ಎಲ್‌ಇಡಿ ಬಲ್ಬು ಕೂಡ ಅಷ್ಟೇ ಶಕ್ತಿಯನ್ನು ಬಳಸುತ್ತದೆ. ಅಷ್ಟರಲ್ಲಿ ಬೆಟ್ಟ ದಾಟುವಂತೆ ಮಾತನಾಡಲು ಸಾಧ್ಯವೇ ಎಂಬ ಸಂದೇಹ ಸಹಜ. ಸಾಧ್ಯವಿದೆ. ಆದರೆ ಅದು ಸುಲಭವಲ್ಲ. ಆ ಕಷ್ಟಗಳನ್ನು ಮುಚ್ಚಿಟ್ಟು ಉತ್ಸಾಹವನ್ನು ಮಾತ್ರ ಹಂಚಿದರೆ ಆಪತ್ತಿನ ದಿನ ಯಂತ್ರವಿದ್ದೂ ಮಾತು ಹೊರಡದೆ ಉಳಿದೀತು.

ಶಕ್ತಿ ಕಡಿಮೆ, ಆದರೆ ಎಷ್ಟು ಕಡಿಮೆ?

ಸಾಮಾನ್ಯ ಹ್ಯಾಮ್ ಕೇಂದ್ರವೊಂದರ ಶಕ್ತಿ ನೂರು ವ್ಯಾಟ್ ಎಂದಿಟ್ಟುಕೊಂಡರೆ ಐದು ವ್ಯಾಟ್ ಅದರ ಇಪ್ಪತ್ತನೆಯ ಒಂದು ಭಾಗ. ಆದರೆ ಕೇಳುವವನ ಕಿವಿಯಲ್ಲಿ ದನಿ ಇಪ್ಪತ್ತು ಪಟ್ಟು ಕುಗ್ಗುವುದಿಲ್ಲ. ಲೆಕ್ಕದಲ್ಲಿ ಈ ವ್ಯತ್ಯಾಸ 13 ಡೆಸಿಬೆಲ್. ಗ್ರಾಹಕಯಂತ್ರದ ಮಾಪಕದಲ್ಲಿ ಎರಡು ಗೆರೆಗಿಂತ ಸ್ವಲ್ಪ ಹೆಚ್ಚು. ನೂರು ವ್ಯಾಟ್‌ನಲ್ಲಿ ಚೆನ್ನಾಗಿ ಕೇಳುವ ದನಿ ಐದು ವ್ಯಾಟ್‌ನಲ್ಲಿ ಮೆತ್ತಗಾದರೂ ಅರ್ಥವಾಗುವಂತೆ ಕೇಳುತ್ತದೆ. ಆದರೆ ನೂರು ವ್ಯಾಟ್‌ನಲ್ಲಿಯೇ ಕಷ್ಟದಿಂದ ಕೇಳುವ ದನಿ ಐದಕ್ಕೆ ಇಳಿದಾಗ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಶಕ್ತಿಯಲ್ಲಿ ಬಿಟ್ಟುಕೊಟ್ಟದ್ದನ್ನು ಆಂಟೆನಾದಲ್ಲಿ, ಸಮಯದ ಆಯ್ಕೆಯಲ್ಲಿ, ಸಹನೆಯಲ್ಲಿ ಗಳಿಸಿಕೊಳ್ಳಬೇಕು. ಕಿರುಬಾನುಲಿಯ ವಿದ್ಯೆಯೆಲ್ಲ ಇಷ್ಟೇ.

ಮೋರ್ಸ್ ಸಂಕೇತದ ಮಹತ್ವ ಇಲ್ಲಿಯೇ ಇದೆ. ಮಾತಿನ ದನಿಗೆ ಅಗಲವಾದ ದಾರಿ ಬೇಕು. ಚುಕ್ಕೆ-ಗೆರೆಗಳ ಸಂಕೇತಕ್ಕೆ ಕಾಲುಹಾದಿಯಷ್ಟು ಸಾಕು. ಇದ್ದ ಅಲ್ಪ ಶಕ್ತಿಯೆಲ್ಲ ಆ ಕಿರಿದಾದ ದಾರಿಯಲ್ಲಿ ಸೇರಿಕೊಳ್ಳುವುದರಿಂದ, ಮಾತು ಅರ್ಥವಾಗದಷ್ಟು ಗದ್ದಲವಿರುವಾಗಲೂ ಮೋರ್ಸ್ ಕೇಳುತ್ತದೆ. ಅದನ್ನು ಹಳೆಯ ಕಾಲದ್ದೆಂದು ಕಾಲೇಜು ಹುಡುಗರು ನಗುವುದುಂಟು. ಹಳೆಯದೆಂಬ ಕಾರಣಕ್ಕೆ ಒಂದು ವಿದ್ಯೆಯನ್ನು ಕೈಬಿಡುವ ಮುನ್ನ, ಅದನ್ನು ಯಾವ ಕಷ್ಟಕ್ಕಾಗಿ ಕಂಡುಕೊಳ್ಳಲಾಯಿತೋ ಆ ಕಷ್ಟ ತೀರಿದೆಯೇ ಎಂದು ಕೇಳಿಕೊಳ್ಳಬೇಕು.

ಹರಿಹರದ ಬಯಲು, ಮಲೆನಾಡಿನ ಕಣಿವೆ

ಹರಿಹರದ ತುಂಗಭದ್ರೆಯ ದಂಡೆಯಲ್ಲಿ ಒಬ್ಬ ವಿದ್ಯಾರ್ಥಿ ಕೈಯಲ್ಲಿ ಹಿಡಿಯುವ ವಾಕಿಟಾಕಿಯಂತಹ ಸೆಟ್ ಹಿಡಿದು ನಿಂತನೆಂದು ಭಾವಿಸೋಣ. ಅದು 144ರಿಂದ 146 ಮೆಗಾಹರ್ಟ್ಸ್‌ನ ತರಂಗಗಳಲ್ಲಿ ಕೆಲಸ ಮಾಡುತ್ತದೆ. ಈ ತರಂಗಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರವಾಗಿ ಸಾಗುವಂಥವು. ಗುಡ್ಡ ಅಡ್ಡ ಬಂದರೆ ನಿಲ್ಲುತ್ತವೆ. ಹರಿಹರವು ನದೀಕಣಿವೆಯ ತಗ್ಗಿನ ಊರು. ಅಲ್ಲಿಂದ ದಾವಣಗೆರೆಯವರೆಗೆ ಮಾತು ಸಾಗಬಹುದು. ಆಗುಂಬೆಗೆ ಸಾಗುವುದಿಲ್ಲ. ಮಲೆನಾಡಿನಲ್ಲಿಯೂ ಅಷ್ಟೇ: ಒಂದು ಕಣಿವೆಯ ಮನೆಯಿಂದ ಪಕ್ಕದ ಕಣಿವೆಯ ಮನೆಗೆ, ನಡುವಿನ ಗುಡ್ಡದ ನೆತ್ತಿಯಲ್ಲಿ ಯಾರಾದರೂ ನಿಂತು ಮಾತನ್ನು ದಾಟಿಸದ ಹೊರತು, ಈ ಸೆಟ್ಟುಗಳು ಪ್ರಯೋಜನಕ್ಕೆ ಬರುವುದಿಲ್ಲ.

ಆದರೆ 7 ಮೆಗಾಹರ್ಟ್ಸ್‌ನ ಸುತ್ತಿನ, ನಲವತ್ತು ಮೀಟರ್ ಎಂದು ಕರೆಯಲಾಗುವ ತರಂಗಗಳ ನಡೆ ಬೇರೆ. ಅವನ್ನು ನೇರವಾಗಿ ಆಕಾಶಕ್ಕೆ ಕಳಿಸಿದರೆ ಮೇಲಿನ ಅಯಾನುಗೋಳ ಅವನ್ನು ಕೆಳಕ್ಕೆ ಹಿಂದಿರುಗಿಸುತ್ತದೆ. ಕೊಡದಿಂದ ಸುರಿದ ನೀರು ನೆಲದ ಮೇಲೆ ಸುತ್ತಲೂ ಹರಡುವಂತೆ ಅವು ಇನ್ನೂರು ಮುನ್ನೂರು ಕಿಲೋಮೀಟರ್ ಸುತ್ತಳತೆಯಲ್ಲಿ ಮೇಲಿನಿಂದ ಇಳಿಯುತ್ತವೆ. ಮೇಲಿನಿಂದ ಬರುವ ಅಲೆಗೆ ಗುಡ್ಡ ಅಡ್ಡಿಯಲ್ಲ, ಕಣಿವೆ ಆಳವಲ್ಲ. ಹರಿಹರದಿಂದ ಆಗುಂಬೆಯೂ ಮುಳ್ಳಯ್ಯನಗಿರಿಯೂ ಗಾಳಿಯ ನೇರದಲ್ಲಿ ನೂರೈವತ್ತು ಕಿಲೋಮೀಟರಿನೊಳಗೇ ಇವೆ. ಹಗಲು ಹೊತ್ತಿನಲ್ಲಿ ಐದು ವ್ಯಾಟ್‌ಗೆ ಇದು ನಿಲುಕುವ ದೂರ.

ಈ ಬಗೆಯ ಸಂಪರ್ಕದ ಇನ್ನೊಂದು ಗುಣ ಪರಿಸರಾಸಕ್ತರಿಗೆ ವಿಶೇಷವಾಗಿ ತಿಳಿದಿರಬೇಕು. ಇದಕ್ಕೆ ಎತ್ತರದ ಕಂಬವಾಗಲಿ, ಬೆಟ್ಟದ ತುದಿಯಾಗಲಿ ಬೇಡ. ಒಟ್ಟು ಸುಮಾರು ಇಪ್ಪತ್ತು ಮೀಟರ್ ಉದ್ದದ ತಂತಿಯನ್ನು ನಡುವೆ ತುಂಡರಿಸಿ, ಎರಡು ಬಿದಿರುಗಳ ನಡುವೆ ನಾಲ್ಕೈದು ಮೀಟರ್ ಎತ್ತರದಲ್ಲಿ ನೆಲಕ್ಕೆ ಸಮನಾಗಿ ಕಟ್ಟಿದರೆ ಸಾಕು. ಅಂಗಳದ ಬಟ್ಟೆ ಒಣಗಿಸುವ ಹಗ್ಗಕ್ಕಿಂತ ಅದು ಹೆಚ್ಚು ಜಾಗವನ್ನೇನೂ ಬೇಡುವುದಿಲ್ಲ. ದೂರದೇಶದ ಹ್ಯಾಮ್‌ಗಳು ಬೆಟ್ಟದ ತುದಿಗಳಿಂದ ಮಾತನಾಡುವ ಪಂದ್ಯಗಳನ್ನು ನಡೆಸುತ್ತಾರೆ. ಬ್ರಿಟನ್ನಿನಲ್ಲಿ 2002ರಲ್ಲಿ ಆರಂಭವಾದ ಶಿಖರ ಬಾನುಲಿ ಯೋಜನೆ ಈಗ ಅನೇಕ ದೇಶಗಳಿಗೆ ಹಬ್ಬಿದೆ. ಅದನ್ನು ಕಂಡು ಪಶ್ಚಿಮಘಟ್ಟದ ಪ್ರತಿ ಶಿಖರಕ್ಕೂ ತಂತಿ ಹೊತ್ತು ಹತ್ತುವ ಗೀಳು ಇಲ್ಲಿಗೆ ಬೇಕಾಗಿಲ್ಲ. ಚಾರಣಿಗರ ಜಾತ್ರೆಯಿಂದ ಶೋಲಾ ಹುಲ್ಲುಗಾವಲುಗಳು ಈಗಾಗಲೇ ಸವೆದಿವೆ. ಮನೆಯಂಗಳ, ಶಾಲೆಯ ಮೈದಾನ, ಕೊಯ್ಲು ಮುಗಿದ ಗದ್ದೆ, ಇವೇ ಈ ವಿದ್ಯೆಗೆ ತಕ್ಕ ಬಯಲು.

ಮಳೆ, ಮಿಂಚು, ಮೋಡ

ಬಯಲಿನಲ್ಲಿ ಬಾನುಲಿ ನಡೆಸುವವರಿಗೆ ಎದುರಾಗುವ ಮೊದಲ ಕಷ್ಟ ವಿದ್ಯುತ್ತಿನದು. ಐದು ವ್ಯಾಟ್‌ನ ಸೆಟ್ಟು ಕೇಳುವಾಗ ಆಂಪಿಯರಿನ ಐದನೆಯ ಒಂದು ಭಾಗದಷ್ಟನ್ನೂ, ಮಾತನಾಡುವಾಗ ಒಂದರಿಂದ ಒಂದೂವರೆ ಆಂಪಿಯರನ್ನೂ ಬಳಸುತ್ತದೆ. ಹೆಚ್ಚು ಕೇಳಿ ಕಡಿಮೆ ಮಾತನಾಡಿದರೆ 12 ವೋಲ್ಟಿನ 7 ಆಂಪಿಯರ್-ಗಂಟೆಯ ಬ್ಯಾಟರಿ ಒಂದು ಹಗಲನ್ನು ನಿರಾಯಾಸವಾಗಿ ದಾಟಿಸುತ್ತದೆ. ಸೀಸದ ಬ್ಯಾಟರಿ ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ. ಲಿಥಿಯಂ ಬ್ಯಾಟರಿ ಅದರ ಅರ್ಧದಷ್ಟು ತೂಗಿದರೂ ಬೆಲೆ ಹೆಚ್ಚು.

ಎರಡನೆಯ ದಿನದ ಪ್ರಶ್ನೆ ಬಂದಾಗ ಎಲ್ಲರೂ ಸೌರಫಲಕವನ್ನು ಹೆಸರಿಸುತ್ತಾರೆ. ಹರಿಹರದ ಬಯಲಿನಲ್ಲಿ ಆ ಮಾತು ನಿಜ. ಮಲೆನಾಡಿನಲ್ಲಿ, ಬಾನುಲಿ ಅತ್ಯಂತ ಅಗತ್ಯವಾಗುವ ಜುಲೈ ಆಗಸ್ಟ್ ತಿಂಗಳುಗಳಲ್ಲಿ, ಸೂರ್ಯನ ಮುಖವೇ ಕಾಣುವುದಿಲ್ಲ. ದಟ್ಟ ಮೋಡದ ಕೆಳಗೆ ಹತ್ತು ವ್ಯಾಟ್‌ನ ಫಲಕ ಒಂದು ವ್ಯಾಟ್ ಕೊಟ್ಟರೂ ಪುಣ್ಯ. ಆದರೆ ಅದೇ ದಿನಗಳಲ್ಲಿ ಹಳ್ಳಗಳು ತುಂಬಿರುತ್ತವೆ. ಮಲೆನಾಡಿನ ಹಲವು ತೋಟದ ಮನೆಗಳಲ್ಲಿ ಹಳ್ಳದ ನೀರಿನಿಂದ ತಿರುಗುವ ಕಿರುಜಲವಿದ್ಯುತ್ ಯಂತ್ರಗಳಿವೆ. ಅಂತಹ ಮನೆ ಊರಿನ ಬಾನುಲಿ ಕೇಂದ್ರಕ್ಕೆ ಬ್ಯಾಟರಿ ತುಂಬಿಸಿಕೊಡುವ ಮನೆಯೂ ಆಗಬಹುದು. ಪೇಟೆಯಿಂದ ಬರುವ ಸಲಹೆಗಿಂತ ಸ್ಥಳದ ತಿಳಿವಳಿಕೆ ದೊಡ್ಡದೆಂಬುದಕ್ಕೆ ಇದೊಂದು ನಿದರ್ಶನ.

ಮೂರನೆಯದು ಮಿಂಚು. ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಏಪ್ರಿಲ್-ಮೇ ತಿಂಗಳ ಮುಂಗಾರು ಪೂರ್ವದ ಗುಡುಗು ಮಳೆಯಲ್ಲೂ ಅಕ್ಟೋಬರಿನ ಹಿಂಗಾರಿನಲ್ಲೂ ಬಯಲಿನಲ್ಲಿ ತಂತಿ ಕಟ್ಟಿ ಕೂರುವುದು ಪ್ರಾಣಕ್ಕೆ ಅಪಾಯ. ಗುಡುಗಿನ ಸದ್ದು ಕೇಳಿದೊಡನೆ ತಂತಿಯನ್ನು ಸೆಟ್ಟಿನಿಂದ ಬಿಡಿಸಿ, ನೆಲಕ್ಕಿಳಿಸಿ, ಗಟ್ಟಿ ಸೂರಿನಡಿ ಸೇರಬೇಕು. ಆ ದಿನಗಳಲ್ಲಿ ದೂರದ ಮಿಂಚುಗಳೇ ಗ್ರಾಹಕಯಂತ್ರದಲ್ಲಿ ಹುರಿಗಡಲೆ ಸಿಡಿದಂತೆ ಕೇಳುತ್ತವೆ. ಆ ಸಿಡಿತವನ್ನೇ ಎಚ್ಚರಿಕೆಯೆಂದು ತಿಳಿದವರು ಹಿರಿಯ ಹ್ಯಾಮ್‌ಗಳಾಗುತ್ತಾರೆ. ತಂತಿಯನ್ನು ಯಾವ ಕಾರಣಕ್ಕೂ ವಿದ್ಯುತ್ ಮಾರ್ಗದ ಸಮೀಪ ಕಟ್ಟಬಾರದೆಂಬುದು ಇದಕ್ಕೆ ಸೇರಿದ ಇನ್ನೊಂದು ಪಾಠ.

ಕಣ್ಣಿಗೆ ಕಾಣದ ಮಾಲಿನ್ಯ

ಬಾನುಲಿಯನ್ನು ಮನೆಯಿಂದ ಬಯಲಿಗೆ ಒಯ್ಯಬೇಕಾದ ಕಾರಣವೊಂದಿದೆ. ದಾವಣಗೆರೆಯ ಬಡಾವಣೆಯಲ್ಲೋ ಹರಿಹರದ ಪೇಟೆಯಲ್ಲೋ ಗ್ರಾಹಕಯಂತ್ರವನ್ನು ಹಚ್ಚಿದರೆ ಮೊದಲು ಕೇಳುವುದು ಗದ್ದಲ. ಕಳಪೆ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್, ಪಂಪ್‌ಸೆಟ್ಟಿನ ಚಾಲಕ ಪೆಟ್ಟಿಗೆ, ಕೊಳೆ ಹಿಡಿದ ವಿದ್ಯುತ್ ಕಂಬದ ಪಿಂಗಾಣಿ, ಇವೆಲ್ಲವೂ ತರಂಗಗಳ ಆಕಾಶಕ್ಕೆ ಕಸ ಸುರಿಯುತ್ತವೆ. ಐದು ವ್ಯಾಟ್‌ನ ದನಿ ಆ ಕಸದಡಿ ಹೂತುಹೋಗುತ್ತದೆ. ಊರಿನಿಂದ ಎರಡು ಕಿಲೋಮೀಟರ್ ಹೊರಗೆ ನಡೆದು, ಬ್ಯಾಟರಿಯಿಂದ ಅದೇ ಯಂತ್ರವನ್ನು ನಡೆಸಿದರೆ, ಇದುವರೆಗೆ ಇಲ್ಲವೆಂದುಕೊಂಡಿದ್ದ ದನಿಗಳು ಒಂದೊಂದಾಗಿ ಮೇಲೇಳುತ್ತವೆ.

ನದಿಗೆ ಹರಿದ ಕೊಳೆಯನ್ನು ಮೀನು ಸತ್ತು ತೋರಿಸುತ್ತದೆ. ಆಕಾಶಕ್ಕೆ ಹರಿದ ಈ ಕೊಳೆಯನ್ನು ತೋರಿಸಲು ಯಾವ ಮೀನೂ ಇಲ್ಲ. ಆದರೂ ತರಂಗಗಳ ಆಕಾಶ ಹೊಳೆ, ಗೋಮಾಳ, ಕೆರೆಗಳಂತೆಯೇ ಎಲ್ಲರ ಸ್ವತ್ತು. ಯಾರೋ ಕೆಲವು ರೂಪಾಯಿ ಉಳಿಸಲು ಶೋಧಕವಿಲ್ಲದ ಚಾರ್ಜರನ್ನು ತಯಾರಿಸಿ ಮಾರಿದಾಗ ಅದರ ನಷ್ಟ ಬೀಳುವುದು ಸಾರ್ವಜನಿಕರ ಮೇಲೆ. ಪರಿಸರ ಚಳವಳಿಗೆ ಈ ತರ್ಕ ಹೊಸದಲ್ಲ.

ಹರಿಹರದ ಹೆಸರು ಕರ್ನಾಟಕದ ಪರಿಸರ ಚಳವಳಿಯಲ್ಲಿ ಮೊದಲ ಸಾಲಿನದು. ನದಿಯ ಆಚೆ ದಡದ ಕುಮಾರಪಟ್ಟಣದ ನಾರು ಕಾರ್ಖಾನೆಯ ತ್ಯಾಜ್ಯದ ವಿರುದ್ಧ ತುಂಗಭದ್ರೆಯ ದಂಡೆಯ ಹಳ್ಳಿಗರು ಎದ್ದು ನಿಂತರು. ಕಾರ್ಖಾನೆಯ ಕಚ್ಚಾವಸ್ತುವಿಗಾಗಿ ಹಳ್ಳಿಗರ ಸಾಮೂಹಿಕ ಭೂಮಿಯನ್ನು ನೀಲಗಿರಿ ತೋಪಾಗಿಸುವ ಯೋಜನೆ ಬಂದಾಗ, ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರೂ ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ನದಿಯೂ ಗೋಮಾಳವೂ ಯಾರೊಬ್ಬರ ಸ್ವತ್ತಲ್ಲವೆಂಬ ಅಂದಿನ ಮಾತು ತರಂಗಗಳ ಆಕಾಶಕ್ಕೂ ಸಲ್ಲುತ್ತದೆ.

ಕಾನೂನಿನ ಗಡಿ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹ್ಯಾಮ್ ರೇಡಿಯೋ ಚಳವಳಿಯ ಧ್ವನಿವರ್ಧಕವಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕೇಂದ್ರ ದೂರಸಂಪರ್ಕ ಇಲಾಖೆಯಿಂದ ಪರವಾನಗಿ ಮತ್ತು ಕರೆಸಂಕೇತ ಪಡೆದವರು ಮಾತ್ರ ಇದನ್ನು ನಡೆಸಬಹುದು. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ನಿರ್ಬಂಧಿತ ದರ್ಜೆಗೆ ಮೋರ್ಸ್ ಪರೀಕ್ಷೆ ಇಲ್ಲ. ಮಾತು ತಾಂತ್ರಿಕ ವಿಷಯ ಹಾಗೂ ಸರಳ ವೈಯಕ್ತಿಕ ವಿಚಾರಗಳ ಮಿತಿಯಲ್ಲಿರಬೇಕು. ರಾಜಕೀಯ, ವ್ಯಾಪಾರ, ಗೂಢಲಿಪಿಯ ಸಂದೇಶ ಸಲ್ಲದು. ಮೂರನೆಯವರ ಪರವಾಗಿ ಸಂದೇಶ ಕಳಿಸುವುದಕ್ಕೂ ನೈಸರ್ಗಿಕ ವಿಕೋಪದಂತಹ ಸಂದರ್ಭ ಬೇಕು. ಧರಣಿಗೆ ಜನ ಕರೆಯಲು ಬಾನುಲಿ ಬಳಸಿದವರು ತಮ್ಮ ಪರವಾನಗಿಯನ್ನಷ್ಟೇ ಅಲ್ಲ, ಆಪತ್ತಿನ ದಿನ ಊರಿಗಿದ್ದ ಒಂದೇ ದಾರಿಯನ್ನೂ ಕಳೆದುಕೊಳ್ಳುತ್ತಾರೆ.

ಅಂತರಜಾಲದ ಅಂಗಡಿಗಳಲ್ಲಿ ಎರಡು ಮೂರು ಸಾವಿರ ರೂಪಾಯಿಗೆ ವಾಕಿಟಾಕಿ ಕೊಂಡು ಚಾರಣಕ್ಕೆ ಹೊರಡುವ ಯುವಕರು ಇದನ್ನು ಗಮನಿಸಬೇಕು. ಅಗತ್ಯ ಅನುಮೋದನೆಯ ವಿವರಗಳಿಲ್ಲದೆ ವಾಕಿಟಾಕಿ ಮಾರುತ್ತಿದ್ದ ಜಾಲತಾಣಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ನೋಟಿಸು ನೀಡಿತು. ಕೊಳ್ಳಲು ಸಿಕ್ಕಿತೆಂದ ಮಾತ್ರಕ್ಕೆ ಬಳಸಲು ಅನುಮತಿ ಸಿಕ್ಕಂತಲ್ಲ.

ಪರವಾನಗಿ ಇದ್ದವರಿಗೂ ಬಯಲಿನಲ್ಲಿ ಕಷ್ಟ ತಪ್ಪಿದ್ದಲ್ಲ. ಹೊಳೆದಂಡೆಯಲ್ಲಿ ತಂತಿ ಕಟ್ಟಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಹುಡುಗಿಯೊಬ್ಬಳು ಅರೆಗಳಿಗೆ ಕೂತರೆ ಸುತ್ತ ಹತ್ತು ಜನ ಸೇರುತ್ತಾರೆ. ಹನ್ನೊಂದನೆಯವರು ಪೊಲೀಸರಿಗೆ ತಿಳಿಸುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಗುರುತಿಲ್ಲದ ಯಂತ್ರವನ್ನು ಕಂಡು ಜನ ಅನುಮಾನಿಸುವುದು ಸಹಜ. ಪರವಾನಗಿಯ ಷರತ್ತುಗಳನ್ನು ಓದಿಕೊಂಡು ಹೊರಡುವುದು, ಅದರ ಪ್ರತಿಯನ್ನು ಜೊತೆಗಿಟ್ಟುಕೊಳ್ಳುವುದು, ಮುಂಚಿತವಾಗಿ ಪಂಚಾಯಿತಿಗೂ ಠಾಣೆಗೂ ತಿಳಿಸುವುದು, ಅರಣ್ಯವಾದರೆ ಇಲಾಖೆಯ ಅನುಮತಿ ಪಡೆಯುವುದು, ಇವು ಬ್ಯಾಟರಿಯಷ್ಟೇ ಅಗತ್ಯವಾದ ಸಿದ್ಧತೆಗಳು. ನೆರೆದವರಿಗೆ ಹೆಡ್‌ಫೋನ್ ಕೊಟ್ಟು ಕೇಳಿಸುವುದು ಎಲ್ಲಕ್ಕಿಂತ ಒಳ್ಳೆಯ ಸಮಾಧಾನ.

‘ಮೊಬೈಲ್ ಇದೆಯಲ್ಲ’ ಎನ್ನುವವರಿಗೆ

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇದೆಲ್ಲ ಏಕೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. 1999ರ ಒಡಿಶಾ ಚಂಡಮಾರುತದಲ್ಲಿ, 2001ರ ಭುಜ್ ಭೂಕಂಪದಲ್ಲಿ ಹೊರಗಿನ ಲೋಕಕ್ಕೆ ಸುದ್ದಿ ಮುಟ್ಟಿಸಿದವರಲ್ಲಿ ಹ್ಯಾಮ್‌ಗಳೂ ಇದ್ದರು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ತಮ್ಮ ತಂಡದೊಡನೆ ಪೋರ್ಟ್‌ಬ್ಲೇರಿನಲ್ಲಿದ್ದರು. ಹವ್ಯಾಸಕ್ಕೆಂದು ಒಯ್ದಿದ್ದ ಯಂತ್ರಗಳಿಂದಲೇ ಅವರು ದ್ವೀಪದ ಸುದ್ದಿಯನ್ನು ಮುಖ್ಯಭೂಮಿಗೆ ದಾಟಿಸಿದರು. 2024ರ ಜುಲೈ 30ರ ವಯನಾಡಿನ ಭೂಕುಸಿತದ ಬಳಿಕ ಜಿಲ್ಲಾಡಳಿತದ ಕಚೇರಿಯನ್ನು ನೆಲೆಯಾಗಿಸಿಕೊಂಡು ಹ್ಯಾಮ್‌ಗಳು ಸಂಪರ್ಕಜಾಲ ನಡೆಸಿದರು.

ಕರ್ನಾಟಕದ ಘಟ್ಟಸಾಲು ಇದರಿಂದ ಹೊರತಲ್ಲ. 2018ರ ಆಗಸ್ಟಿನ ಕೊಡಗು, 2019ರ ಆಗಸ್ಟಿನ ಚಾರ್ಮಾಡಿ, 2024ರ ಜುಲೈನ ಶಿರೂರು ನೆನಪಿನಿಂದ ಮಾಸಿಲ್ಲ. ಉಪಗ್ರಹ ಫೋನನ್ನು ಸರ್ಕಾರದ ಅನುಮತಿಯಿಲ್ಲದೆ ಸಾಮಾನ್ಯರು ಇಟ್ಟುಕೊಳ್ಳುವಂತಿಲ್ಲ. ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳು ಒಳ್ಳೆಯ ಕೆಲಸ ಮಾಡುತ್ತವೆ. ಆದರೆ ಅವು ತಮ್ಮ ಲೆಕ್ಕವನ್ನು ಕಳಿಸುವುದೂ ಮೊಬೈಲ್ ಜಾಲದ ಮೂಲಕವೇ. ಜಾಲ ಬಿದ್ದ ಹೊತ್ತಿನಲ್ಲಿ ಎಷ್ಟು ಇಂಚು ಮಳೆಯಾಯಿತು, ಯಾವ ಸಂಕ ಕೊಚ್ಚಿಹೋಯಿತು, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂಬುದನ್ನು ಹೇಳಬಲ್ಲವರು ಅಲ್ಲಿ ನಿಂತಿರುವ ಮನುಷ್ಯರು ಮಾತ್ರ.

ಆದರೆ ಈ ಎಲ್ಲ ಉದಾಹರಣೆಗಳಲ್ಲಿ ಸಮಾನವಾದ ಅಂಶವೊಂದಿದೆ. ಆಪತ್ತಿನ ದಿನ ಕೆಲಸಕ್ಕೆ ಬಂದವರು ಅದಕ್ಕೂ ಮುಂಚೆ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಪಂಚಾಯಿತಿಯ ಕಪಾಟಿನಲ್ಲಿ ಬೀಗ ಹಾಕಿಟ್ಟ ಸೆಟ್ಟು ಆ ದಿನ ಯಾರನ್ನೂ ಉಳಿಸದು. ತಿಂಗಳಿಗೊಮ್ಮೆ ಮಳೆಯಲ್ಲಿ ತಂತಿ ಕಟ್ಟಿ, ಒದ್ದೆ ಕೈಯಲ್ಲಿ ಗಂಟು ಬಿಡಿಸಿ, ಕೇಳದ ದನಿಗೆ ಕಿವಿಗೊಟ್ಟು, ಹತ್ತು ಬಾರಿ ಸೋತವರ ಕೈಯಲ್ಲಿ ಮಾತ್ರ ಅದು ಉಪಕರಣವಾಗುತ್ತದೆ.

ಆಗಬೇಕಾದದ್ದು

ಇದಕ್ಕೆ ಲಕ್ಷಾಂತರ ರೂಪಾಯಿ ಬೇಕಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ಎರಡು ದಶಕಗಳ ಹಿಂದೆ ರೂಪಿಸಿದ ‘ಬಿಟ್‌ಎಕ್ಸ್’ ಎಂಬ ಸೆಟ್ಟನ್ನು ಇಲ್ಲಿನ ಅಂಗಡಿಗಳಲ್ಲಿ ಸಿಗುವ ಬಿಡಿಭಾಗಗಳಿಂದಲೇ ಕಟ್ಟಬಹುದಿತ್ತು. ಅದರ ಸುರುಳಿಗಳನ್ನು ನಲ್ಲಿಯ ವಾಷರುಗಳ ಮೇಲೆ ಸುತ್ತಲಾಗುತ್ತಿತ್ತು. ಆ ವಿನ್ಯಾಸವನ್ನು ಅವರು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಲೋಕದ ನಾನಾ ದೇಶಗಳಲ್ಲಿ ಜನ ಅದನ್ನು ಕಟ್ಟಿದರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇಥ್ ಕಾರ್ಖಾನೆ ಆರಂಭವಾದ ಹರಿಹರದಲ್ಲಿ ಕೈಕೆಲಸ ಬಲ್ಲವರಿಗೆ ಬರವಿಲ್ಲ. ಕಾರ್ಖಾನೆ ಮುಚ್ಚಿದರೂ ಅಲ್ಲಿ ಪಳಗಿದ ಕೈಗಳಿಂದ ಕಲಿತವರು ಊರಿನಲ್ಲಿದ್ದಾರೆ. ದಾವಣಗೆರೆಯ ಯುಬಿಡಿಟಿ, ಬಾಪೂಜಿ ತಾಂತ್ರಿಕ ಕಾಲೇಜುಗಳಲ್ಲಿ ವಿದ್ಯುನ್ಮಾನ ಕಲಿಯುವ ಮಕ್ಕಳಿಗೆ ಇಂತಹ ಸೆಟ್ಟೊಂದನ್ನು ಕಟ್ಟುವುದು ಯಾವ ಪ್ರಾಜೆಕ್ಟ್ ವರದಿಗಿಂತಲೂ ಒಳ್ಳೆಯ ಪಾಠ. ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಕೆರೆಯ ಮಗ್ಗುಲಲ್ಲಿಯೇ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವಿದೆ. ಜಗತ್ತಿನ ಸ್ಕೌಟುಗಳು 1958ರಿಂದ ಬಾನುಲಿಯ ಮೇಲೆ ಜಾಂಬೂರಿ ನಡೆಸುತ್ತ ಬಂದಿದ್ದಾರೆ. ಬಯಲು ಬಾನುಲಿಯ ಶಿಬಿರಕ್ಕೆ ಇದಕ್ಕಿಂತ ತಕ್ಕ ಸ್ಥಳ ಯಾವುದು?

ಸರ್ಕಾರದಿಂದ ಆಗಬೇಕಾದದ್ದೂ ಇದೆ. ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆಯಂತಹ ಜಿಲ್ಲಾ ಕೇಂದ್ರಗಳಲ್ಲಿ ವರ್ಷಕ್ಕೊಮ್ಮೆಯಾದರೂ ಹ್ಯಾಮ್ ಪರೀಕ್ಷೆ ನಡೆಯಬೇಕು. ಪಠ್ಯ ಕನ್ನಡದಲ್ಲಿ ದೊರೆಯಬೇಕು. ತೇರ್ಗಡೆಯಾದ ಹಳ್ಳಿಯ ಹುಡುಗನಿಗೆ ಪರವಾನಗಿ ಇಂತಿಷ್ಟು ದಿನಗಳೊಳಗೆ ಸಿಗಬೇಕೆಂಬ ನಿಯಮ ಬೇಕು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಗಳು ತಮ್ಮ ಜಿಲ್ಲೆಯ ಹ್ಯಾಮ್‌ಗಳ ಪಟ್ಟಿ ಇಟ್ಟುಕೊಂಡು, ಮಳೆಗಾಲಕ್ಕೆ ಮುನ್ನವೇ ಅವರನ್ನು ಕರೆದು ಮಾತನಾಡಬೇಕು. ವಿಪತ್ತು ಬಂದ ಮೇಲೆ ಸ್ವಯಂಸೇವಕರನ್ನು ಹುಡುಕುವುದು ಆಡಳಿತವಲ್ಲ.

ಚಳವಳಿಯಿಂದ ಆಗಬೇಕಾದದ್ದು ಇನ್ನೂ ಸರಳ. ತುಂಗೆಯ ಮೇಲಣ ಒಂದು ಹಳ್ಳಿ, ಭದ್ರೆಯ ಮೇಲಣ ಒಂದು ಹಳ್ಳಿ, ಕೆಳಗೆ ಹರಿಹರ. ಈ ಮೂರು ಕಡೆ ಇಬ್ಬಿಬ್ಬರು ಪರೀಕ್ಷೆ ಬರೆದು, ಪರವಾನಗಿ ಪಡೆದು, ವಾರಕ್ಕೊಂದು ಬೆಳಗ್ಗೆ ಐದು ವ್ಯಾಟ್‌ನಲ್ಲಿ ಪರಸ್ಪರರ ಕ್ಷೇಮವನ್ನೂ ಹವೆಯನ್ನೂ ವಿಚಾರಿಸಿಕೊಂಡರೆ ಆರಂಭಕ್ಕೆ ಅಷ್ಟು ಸಾಕು. ಕೆಲವು ವಾರ ದನಿ ಕೇಳದೆ ಹೋಗಬಹುದು. ಯಾಕೆ ಕೇಳಲಿಲ್ಲವೆಂದು ಹುಡುಕುತ್ತಲೇ ತಂತಿ, ಹೊತ್ತು, ಹವೆ ಎಲ್ಲವೂ ಅರ್ಥವಾಗುತ್ತವೆ.

ಮೇಲ್ದಂಡೆಯ ಕಾಡು ಕಡಿದರೆ ಕೆಳದಂಡೆಯ ಬಾವಿ ಬತ್ತುತ್ತದೆಂದು ಚಳವಳಿ ಮೂರು ನಾಲ್ಕು ದಶಕಗಳಿಂದ ಹೇಳುತ್ತ ಬಂದಿದೆ. ಆ ಸಂಬಂಧ ನಿಜವೆಂದಾದರೆ ಎರಡೂ ದಂಡೆಯ ಜನ ಪರಸ್ಪರ ಮಾತನಾಡುವ ಅಭ್ಯಾಸವನ್ನೂ ಇಟ್ಟುಕೊಳ್ಳಬೇಕಾಗುತ್ತದೆ. ಮುಂದಿನ ಮುಂಗಾರಿಗೆ ಇನ್ನೂ ಕೆಲವು ತಿಂಗಳುಗಳಿವೆ. ಪುಸ್ತಕ ತೆರೆಯಲೂ ತಂತಿ ಅಳೆಯಲೂ ಅಷ್ಟು ಕಾಲ ಸಾಲುತ್ತದೆ.